ಲೂರ್ಡ್ಸಳ ಉಸಿರು

ಅಬು ಹಲೀಫಾ, ಕುವೈತ್
9 ಮೇ 2008

ಪ್ರೀತಿಯ ಬ್ರೆಂಡಾ,

ನಿನ್ನ ಅಣ್ಣನ ಮದುವೆಯಲ್ಲಿ ನನ್ನ ಹೆಂಡತಿ ಲೂರ್ಡ್ಸಳ ಹಾಡು ಹಾಡಬಹುದೇ ಎಂದು ಕೇಳಿದ್ದೀಯ. ಖಂಡಿತ ಹಾಡು. ಹದಿನಾರು ವರ್ಷ ಅವಳು ಕುವೈತಿನ ನಮ್ಮ ಮದುವೆಗಳಲ್ಲಿ ಕೊಂಕಣಿಯಲ್ಲಿ ಫಂಕ್ ಧಾಟಿಯ ಕುಣಿತದ ಹಾಡು ಹಾಡಿದಳು. ವಯಸ್ಸಾದ ಹೆಂಗಸರೂ ಕುರ್ಚಿ ಬಿಟ್ಟು ಎದ್ದು ಕುಣಿಯುತ್ತಿದ್ದರು. ಈಗ ನೀವು ಹುಡುಗಿಯರೆಲ್ಲ ಸಾಲಿನ ನಡುವೆ ಅವಳಂತೆಯೇ "ಹಾಃ" ಎಂದು ಉಸಿರು ಎಳೆಯುತ್ತೀರಿ. ಅದು ಲೂರ್ಡ್ಸ್ ಸ್ಟೈಲ್ ಎಂದು ಎಲ್ಲರೂ ಹೇಳುತ್ತಾರೆ.

ಮಗಳೇ, ಅದು ಇಲ್ಲಿಯ ಧೂಳುಗಾಳಿಯಲ್ಲಿ ಹತ್ತಿಕೊಂಡ ಉಬ್ಬಸ.

"ಎದೆ ಹಿಡೀತದೆ, ಜಾಬ್ರಿಯಾದ ಡಾಕ್ಟರ ಹತ್ರ ಹೋಗುವನಾ?" ಎಂದು ಒಮ್ಮೆ ಕೇಳಿದಳು.

"ಬಿಡು ಮಾರಾಯ್ತಿ, ಜನ ಚಪ್ಪಾಳೆ ಹೊಡೆಯುವುದೇ ಅದಕ್ಕೆ" ಎಂದೆ.

"ಹಾಗಾದ್ರೆ ನಾನು ಸತ್ತರೂ ವನ್ಸ್ ಮೋರ್ ಅಂತಾರೆ ನೋಡಿ" ಎಂದು ನಕ್ಕಳು.

ನಾನೂ ನಕ್ಕೆ. ಕಳೆದ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ತಡವಾಗಿತ್ತು.

ಹಾಡಿನ ಒಂದು ಪದವನ್ನೂ ಬದಲಾಯಿಸಬೇಡ. ಆ "ಹಾಃ" ಬರುವ ಜಾಗದಲ್ಲಿ ಮಾತ್ರ ಬ್ಯಾಂಡಿನವರಿಗೆ ಸ್ವಲ್ಪ ನಿಲ್ಲಿಸಲು ಹೇಳು. ಬಾಯಿ ಮುಚ್ಚಿ, ನಿಧಾನವಾಗಿ, ಎದೆ ತುಂಬ ಉಸಿರು ತೆಗೆದುಕೋ. ಜನ ಕಾಯಲಿ.

ನಿನ್ನ
ಸೈಮನ್ ಅಂಕಲ್