ಮೊದಲ ತುತ್ತು ಅವಳೇ ಉಂಡಳು

ಸವಳಂಗ ರಸ್ತೆ, ಶಿವಮೊಗ್ಗ
೮-೧೧-೧೯೫೯, ಭಾನುವಾರ

ಚಿ. ಸೌ. ಸರ್ವಮಂಗಳೆಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ದೀಪಾವಳಿಗೆ ಒಂದು ಕಾರ್ಡನ್ನೂ ಹಾಕಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ನಿನಗೆ ಅದು ಹುಟ್ಟಿನಿಂದ ಬಂದದ್ದು. ಈ ಹಾಳು ಬಾಯಿಯ ಉರಿಯಲ್ಲಿ ನನಗೆ ಹಬ್ಬವೂ ಬೇಡವಾಗಿತ್ತು, ಕಾಗದವೂ ಬೇಡವಾಗಿತ್ತು. ಭದ್ರಾವತಿಯಲ್ಲಿ ನೀವಿಬ್ಬರೂ ಕ್ಷೇಮವಷ್ಟೆ? ಅಳಿಯಂದಿರಿಗೆ ಕಾರ್ಖಾನೆಯಲ್ಲಿ ಇನ್ನೂ ಕುಲುಮೆಯ ಹತ್ತಿರವೇ ಕೆಲಸವೋ, ಬದಲಾಯಿಸಿದರೋ?

ನಿನಗೆ ಸಂತೋಷವಾಗುವ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ದ್ಯಾಮಮ್ಮನನ್ನು ಆಯನೂರಿಗೆ, ಅವಳ ಅಣ್ಣನ ಮನೆಗೆ ಕಳಿಸಿಬಿಟ್ಟೆ. ನಿನ್ನ ಅವ್ವ ತೀರಿಕೊಂಡ ಮೇಲೆ ನಾನು ಅವಳನ್ನು ಮದುವೆಯಾದದ್ದು ನಿನಗೆ ಹಿಡಿಸಲೇ ಇಲ್ಲ. ಅವಳು ಕಾಲಿಟ್ಟ ಮೇಲೆ ನೀನು ಈ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದವಳಲ್ಲ. ಬಂದರೆ ಅಂಗಡಿಯ ಬೆಂಚಿನ ಮೇಲೆ ಕೂತು, ನನ್ನ ಕೈಯಿಂದ ಹೊಗೆಸೊಪ್ಪಿನ ಕಡ್ಡಿಪುಡಿಯ ಪೊಟ್ಟಣ ಇಸಿದುಕೊಂಡು, ಹಾಗೇ ಬಸ್ಸು ಹತ್ತುತ್ತಿದ್ದೆ. ಇನ್ನು ಧಾರಾಳವಾಗಿ ಒಳಗೆ ಬಾ, ಮಾರಾಯ್ತಿ.

ಏನಾಯಿತು ಎಂದು ಕೇಳುತ್ತೀಯ. ಶಿವರಾತ್ರಿಯ ಹೊತ್ತಿಗೆ ಶುರುವಾದ ಉರಿ ಇದು. ನಾಲಿಗೆ, ಕೆನ್ನೆಯ ಒಳಮೈ, ಎಲ್ಲ ಕೆಂಡ ಮುಕ್ಕಿದ ಹಾಗೆ. ಸಾರಿನ ಮಾತು ಬಿಡು, ಬೆಚ್ಚಗಿನ ಗಂಜಿಯೂ ಚುರುಗುಟ್ಟುತ್ತದೆ. ಬೆಣ್ಣೆ ಸವರಿಕೊಂಡೆ, ಕೊತ್ತಂಬರಿ ಬೀಜ ನೆನೆಸಿದ ನೀರು ಮುಕ್ಕಳಿಸಿದೆ, ಜ್ಯೇಷ್ಠಮಧು ಅಗಿದೆ. ಪಂಡಿತರೊಬ್ಬರು ಪಿತ್ತ ಎಂದು ಹೇಳಿ ಡಬ್ಬಿಗಟ್ಟಲೆ ಲೇಹ್ಯ ಕೊಟ್ಟರು. ಅದರಿಂದ ಪಂಡಿತರಿಗೆ ಒಳ್ಳೆಯದಾಯಿತೇ ಹೊರತು ನನಗಲ್ಲ. ಸ್ವಲ್ಪವಾದರೂ ನೆಮ್ಮದಿ ಕೊಡುವುದು ಒಂದೇ. ಎಲೆ ಅಡಿಕೆಯ ಜೊತೆ ನಾನೇ ಹದ ಮಾಡಿದ ಕಡ್ಡಿಪುಡಿಯನ್ನು ಕೆನ್ನೆಗೆ ಒತ್ತಿ ಇಟ್ಟರೆ, ಜೋಮು ಹಿಡಿದು ತಣ್ಣಗಾಗುತ್ತದೆ. ಅದೂ ಇಲ್ಲದಿದ್ದರೆ ನಾನು ಎಂದೋ ಹುಚ್ಚನಾಗುತ್ತಿದ್ದೆ.

ಪಕ್ಕದ ಸೈಕಲ್ ಶಾಪಿನ ಫಕ್ರುದ್ದೀನ್ ಸಾಹೇಬರು ಬಿಡದೆ ಡಾಕ್ಟರ್ ಜನಾರ್ದನರ ಹತ್ತಿರ ಎಳೆದುಕೊಂಡು ಹೋದರು. ಆತ ಚಿಕ್ಕ ವಯಸ್ಸಿನವರು. ಬ್ಯಾಟರಿ ಬಿಟ್ಟು ಕೆನ್ನೆ ಎಳೆದು ನೋಡಿ, ನಗುವುದನ್ನು ಬಿಟ್ಟು ಬೆರಳಿನಿಂದ ಒತ್ತಿದರು. “ಬಿಳೀ ಮಚ್ಚೆ ಇದೆ, ನಡುವೆ ಗಟ್ಟಿಯಾಗಿದೆ. ಎಲೆ ಅಡಿಕೆ ದಿನಕ್ಕೆ ಎಷ್ಟು ಹೊತ್ತು ಬಾಯಲ್ಲಿರುತ್ತೆ?” ಎಂದರು. “ಎಚ್ಚರ ಇರೋವಷ್ಟು ಹೊತ್ತು” ಎಂದೆ. “ಇವತ್ತಿಂದಾನೇ ಬಿಡಿ. ಆ ಮಚ್ಚೇದೊಂದು ಚೂರು ತೆಗೆದು ಬೆಂಗಳೂರಿಗೆ ಕಳಿಸಿ ನೋಡ್ಬೇಕು” ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮಪ್ಪ ಸಾಯುವ ದಿನವೂ ಎಲೆ ಹಾಕಿಕೊಂಡು ಸತ್ತವರು. ನಾನು ಅದೇ ಅಂಗಡಿಯ ಗದ್ದಿಗೆಯ ಮೇಲೆ ಕೂತು, ಅದೇ ಹೊಗೆಸೊಪ್ಪು ಮಾರಿ ನಿನ್ನ ಮದುವೆ ಮಾಡಿದವನು. ಮಾಂಸದ ಅಂಗಡಿಯಲ್ಲಿ ಕೊಯ್ಯುವ ಹಾಗೆ ನನ್ನ ಬಾಯಿ ಕೊಯ್ಯುತ್ತಾರಂತೆ! ಎದ್ದು ಬಂದುಬಿಟ್ಟೆ.

ಇದನ್ನು ಕೇಳಿ ನಿನ್ನ ಸೋದರತ್ತೆ ನೀಲಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಅಣ್ಣಾ, ಇದು ಡಾಕ್ಟರಿಗೆ ತಿಳಿಯೋ ಕಾಯಿಲೆ ಅಲ್ಲ. ನಿನಗೆ ಯಾರೋ ಊಟದಲ್ಲಿ ಮದ್ದು ಹಾಕಿದಾರೆ” ಎಂದಳು. ಆಲ್ಕೊಳದ ಆಚೆ ಮದ್ದು ತೆಗೆಯುವ ಮುದುಕನೊಬ್ಬನಿದ್ದಾನೆ, ಅವನ ಹತ್ತಿರ ಕರೆದುಕೊಂಡು ಹೋದಳು. ಅವನು ಖಾಲಿ ಹೊಟ್ಟೆಗೆ ಯಾವುದೋ ಸೊಪ್ಪಿನ ರಸ ಕುಡಿಸಿದ. ಕರುಳೇ ಕಿತ್ತು ಬರುವ ಹಾಗೆ ವಾಂತಿಯಾಯಿತು. ಅವನು ಕಡ್ಡಿಯಿಂದ ಕೆದಕಿ, ಕಪ್ಪಗೆ ಮುದ್ದೆ ಕಟ್ಟಿದ್ದೇನನ್ನೋ ತೋರಿಸಿ, “ನೋಡಿ ಯಜಮಾನ್ರೇ, ಮದುವೆ ಆದಾಗಿಂದ ಬಿದ್ದಿರೋ ಮದ್ದು ಇದು” ಎಂದ. ಮದುವೆಯ ಮಾತನ್ನು ನಾನಂತೂ ಅವನಿಗೆ ಹೇಳಿರಲಿಲ್ಲ. ನಾನು ನಂಬಿಬಿಟ್ಟೆ.

ಅಂದಿನಿಂದ ದ್ಯಾಮಮ್ಮ ತಟ್ಟೆ ಇಟ್ಟರೆ ನಾನು ಬೆರಳಿನಿಂದ ಕೆದಕಿ ಕೆದಕಿ ನೋಡುತ್ತಿದ್ದೆ. ಕೊನೆಗೆ ಬಾಯಿಬಿಟ್ಟು ಹೇಳಿದೆ, “ಮೊದಲ ತುತ್ತು ನೀನು ಉಣ್ಣು. ಆಮೇಲೆ ನಾನು ಉಣ್ತೀನಿ.” ಅವಳು ನನ್ನ ಮುಖ ನೋಡಿದಳು. ನನ್ನ ತಟ್ಟೆಯಿಂದಲೇ ಒಂದು ತುತ್ತು ತೆಗೆದುಕೊಂಡು ಉಂಡು, ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ಹೊತ್ತು ಹೊತ್ತಿಗೂ ಹಾಗೇ ನಡೆಯಿತು. ಫಕ್ರುದ್ದೀನ್ ಸಾಹೇಬರು, “ಅರೇ ಯಜಮಾನ್ರೇ, ಮದ್ದು ಹಾಕೋಳು ಅದೇ ತಟ್ಟೇಲಿ ತಾನು ಮೊದಲು ತಿಂತಾಳೇನ್ರೀ? ಅಕಲ್ ಬೇಡ್ವಾ?” ಎಂದು ರೇಗಿದರು. ನೀಲಮ್ಮನಿಗೆ ಅದಕ್ಕೂ ಉತ್ತರವಿತ್ತು. ಹಾಕಿದವರ ಹತ್ತಿರ ಅದರ ಮುರಿವೂ ಇರುತ್ತದಂತೆ, ತಾವು ತಿಂದರೆ ಅವರಿಗೆ ತಾಗುವುದಿಲ್ಲವಂತೆ. ನನಗೆ ನೀಲಮ್ಮನ ಮಾತೇ ಸರಿ ಎನ್ನಿಸಿತು. ಉರಿ ಮಾತ್ರ ಏರುತ್ತಲೇ ಇತ್ತು.

ಹಬ್ಬದ ಮಾರನೆಯ ದಿನ ನೀಲಮ್ಮ ದೇವರ ಮನೆಯಲ್ಲಿ ದೀಪ ಹಚ್ಚಿ, ದೀಪ ಮುಟ್ಟಿ ಆಣೆ ಮಾಡೆಂದು ಅವಳನ್ನು ನಿಲ್ಲಿಸಿದಳು. ನಾನು ಪಕ್ಕದಲ್ಲೇ ಇದ್ದೆ. ದ್ಯಾಮಮ್ಮ ದೀಪವನ್ನು ಮುಟ್ಟಲಿಲ್ಲ. “ನಿಮ್ಮ ಬಾಯಿ ಉರೀತದೆ ಅಂತ ನಾನು ಈ ಮನೇಲಿ ಮೆಣಸಿನಕಾಯಿ ಮುಟ್ಟೋದೇ ಬಿಟ್ಟೀನಿ. ನೀವು ಉಣ್ಣೋ ಸಪ್ಪೇನೇ ನಾನೂ ಉಣ್ತಿದೀನಿ. ಇನ್ನೂ ಆಣೆ ಬೇಕಾ ನಿಮಗೆ?” ಎಂದು ನನ್ನನ್ನೇ ಕೇಳಿದಳು, ನೀಲಮ್ಮನನ್ನಲ್ಲ. ನಾನು ನೆಲ ನೋಡಿದೆ. ಅವಳು ಟ್ರಂಕು ತೆಗೆದುಕೊಂಡು, ಆಯನೂರಿನ ಮೇಲೆ ಹೋಗುವ ಸಾಗರದ ಬಸ್ಸು ಹತ್ತಿದಳು. ಆಣೆ ಮಾಡಲಿಲ್ಲ ಎಂದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ನೀಲಮ್ಮ ಬೀದಿಯವರಿಗೆಲ್ಲ ಹೇಳುತ್ತಿದ್ದಾಳೆ. ಇನ್ನು ಉರಿ ತಾನಾಗಿಯೇ ಇಳಿಯುತ್ತದೆಯಂತೆ.

ಹೀಗಿದೆ ನೋಡು ಇಲ್ಲಿಯ ಸಮಾಚಾರ. ಮನೆ ಬಿಕೋ ಎನ್ನುತ್ತದೆ, ನೀನು ಬಂದು ನಾಲ್ಕು ದಿನ ಇದ್ದು ಹೋಗು. ಅಳಿಯಂದಿರಿಗೂ ನಿನ್ನ ಅತ್ತೆಯವರಿಗೂ ನನ್ನ ಶರಣು ತಿಳಿಸು. ನಿನ್ನ ಮನೆ ತುಂಬಿರಲಿ, ನಿನ್ನ ಮಡಿಲು ತುಂಬಲಿ.

ಇಂತು ನಿನ್ನ ಅಪ್ಪ,
ಷಡಕ್ಷರಪ್ಪ

ವಿ. ಸೂ.: ಮೇಲಿನದನ್ನು ಬರೆದು ಸಹಿ ಹಾಕಿ, ನಿನಗೆ ಕಳಿಸಲು ಪುಡಿಯ ಪೊಟ್ಟಣ ಕಟ್ಟುತ್ತಾ ಕೂತಿದ್ದೆ. ಅಷ್ಟರಲ್ಲಿ ಅಳಿಯಂದಿರೇ ಬಂದರು. ರಜೆಯಲ್ಲವೇ, ಯಾರನ್ನೋ ನೋಡಲು ಊರಿಗೆ ಬಂದಿದ್ದರಂತೆ. “ಮಾವ, ಈ ಸಲ ಒಂದು ಪೊಟ್ಟಣ ಸಾಲಲ್ಲ, ಜಾಸ್ತಿ ಕೊಡಿ. ಅವಳಿಗೆ ದಸರಾದಿಂದ ಬಾಯಿ ಉರಿ, ಸಾರು ಮುಟ್ಟಲ್ಲ. ಪುಡಿ ಇಟ್ಕೊಂಡ್ರೆ ಮಾತ್ರ ತಣ್ಣಗಾಗುತ್ತೆ ಅಂತಾಳೆ. ನಿಮಗೆ ಹೇಳ್ಬೇಡಿ ಅಂದಿದ್ಲು” ಎಂದರು.

ಕಟ್ಟುತ್ತಿದ್ದ ಪೊಟ್ಟಣವನ್ನು ಕೆಳಗಿಟ್ಟೆ. ನೀನು ಯಾರ ಕೈಯ ಊಟ ಉಂಡೆ, ಮಗಳೇ? ದ್ಯಾಮಮ್ಮನ ಕೈಯ ನೀರನ್ನೂ ನೀನು ಕುಡಿದಿಲ್ಲ. ನೀನೂ ನಾನೂ ಇಬ್ಬರೂ ಬಾಯಿಗೆ ಹಾಕಿಕೊಂಡದ್ದು ಒಂದೇ. ಅದು ನನ್ನ ಕೈಯಿಂದ ಬಂದದ್ದು.

ಉರಿ ಇಳಿದಿಲ್ಲ. ದ್ಯಾಮಮ್ಮ ಹೋದ ಮೇಲೆ ನಾನೇ ಗಂಜಿ ಬೇಯಿಸಿಕೊಳ್ಳುತ್ತಿದ್ದೇನೆ, ಆದರೂ ಇಳಿದಿಲ್ಲ. ಬೆಳಿಗ್ಗೆ ಉಗುಳಿದರೆ ರಕ್ತ ಬರುತ್ತದೆ. ಇದನ್ನು ಮೇಲೆ ಬರೆಯಲಿಲ್ಲ, ನೀಲಮ್ಮನಿಗೂ ಹೇಳಿಲ್ಲ. ನಾಳೆ ಡಾಕ್ಟರ ಹತ್ತಿರ ಹೋಗಿ, ಎಷ್ಟು ಬೇಕೋ ಅಷ್ಟು ಕೊಯ್ದುಕೊಳ್ಳಿ ಎನ್ನುತ್ತೇನೆ. ಅಲ್ಲಿಂದ ಆಯನೂರಿಗೆ ಹೋಗುತ್ತೇನೆ. ಅವಳು ಹೊಸಿಲು ದಾಟಲು ಬಿಡುತ್ತಾಳೋ ಇಲ್ಲವೋ, ನಾನು ಯಾವ ಮುಖದಲ್ಲಿ ಕೇಳಲಿ?

ಅಳಿಯಂದಿರ ಕೈಯಲ್ಲಿ ಈ ಕಾಗದ ಮಾತ್ರ ಕೊಟ್ಟಿದ್ದೇನೆ, ಪೊಟ್ಟಣ ಕೊಟ್ಟಿಲ್ಲ. ಬೈಯಬೇಡ. ನಿನ್ನ ಹತ್ತಿರ ಉಳಿದದ್ದನ್ನೂ ಒಲೆಗೆ ಹಾಕು. ಆಮೇಲೆ ಬೆಳಕಿನಲ್ಲಿ ಕನ್ನಡಿ ಹಿಡಿದು ಕೆನ್ನೆಯ ಒಳಗೆ ನೋಡಿಕೋ. ಬಿಳೀ ಮಚ್ಚೆ ಇದೆಯೋ ಇಲ್ಲವೋ, ನನಗೆ ಅಷ್ಟೇ ಬರೆ.