ಚಿಲಕ ಮತ್ತೆ ಹಾಕಿದ್ದೇನೆ

ಶಾಲೆಯ ಆಪ್ತಸಮಾಲೋಚಕಿ ಮೇಡಂ ಅವರಿಗೆ,

ನೀವು ಹೇಳಿದಂತೆ ಮೊಮ್ಮಗಳ ಕೋಣೆಗೆ ಒಳಗಿನ ಚಿಲಕ ಮತ್ತೆ ಹಾಕಿದ್ದೇನೆ. ಅವಳಮ್ಮ ತೀರಿಕೊಂಡ ಮೇಲೆ, ಹುಡುಗಿ ಒಳಗೆ ಏನು ಮಾಡಿಕೊಳ್ಳುತ್ತಾಳೋ ಎಂಬ ಭಯಕ್ಕೆ ಕಿತ್ತವನೂ ನಾನೇ.

ನಿನ್ನೆ ಶಾಲೆಯಿಂದ ಬಂದವಳೇ ಚಿಲಕ ಹಾಕಿಕೊಂಡಳು. ನಾನು ಹೊರಗೆ ಕೂರಲಾರೆ, ನಿಲ್ಲಲಾರೆ. ನಿಮ್ಮನ್ನೂ ಬೈದೆ. ಹತ್ತು ನಿಮಿಷಕ್ಕೆ ಅವಳೇ ಬಾಗಿಲು ತೆಗೆದು, "ತಾತ, ಎಷ್ಟು ಸಲ ತಿರುಗ್ತೀಯ? ನೆಲ ಸವೆದುಹೋಗುತ್ತೆ, ಒಳಗೆ ಬಾ" ಅಂದಳು. ಅವಳಮ್ಮ ಹೋದ ಈ ಎಂಟು ತಿಂಗಳಲ್ಲಿ ಕರೆದದ್ದು ಇದೇ ಮೊದಲು. ಹೋಗಿ ಕೂತೆ. ಕಿಟಕಿಯ ತಿರುಪು ಬಿಗಿಮಾಡಿ ಎದ್ದುಬಂದೆ.

ಬುಧವಾರ ಅವಳ ಸರದಿ ಆದ ಮೇಲೆ ನನಗೂ ಅರ್ಧ ಗಂಟೆ ಕೊಡಿ. ನಿಮ್ಮ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತದೆ, ಹೆರೆಯಲು ಕೀಸುಳಿ ತರುತ್ತೇನೆ. ಕೈಗೆ ಕೆಲಸವಿದ್ದರೆ ನನ್ನ ಮಗಳ ಬಗ್ಗೆ ಮಾತಾಡಬಲ್ಲೆ.

ಇಂತಿ,
ಅವಳ ತಾತ, ಬಡಗಿ