ಹಳೆಯ ಬ್ಯಾಟರಿಗಳು ಹೋದ ದಾರಿ

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯ ಎಂಜಿನಿಯರ್ ಸಾಹೇಬರಿಗೆ,

ನೀವು ಮನೆ ಬಿಟ್ಟು ಹೋಗಿ, ನಾನು ಹೀಗೆ ಕರೆದು ಎರಡು ವರ್ಷವಾಯಿತು. ಬೇರೆ ಏನೆಂದು ಕರೆಯಬೇಕೋ ಹೊಳೆಯಲಿಲ್ಲ. ಫೋನಿನಲ್ಲಾದರೆ ನಾವಿಬ್ಬರೂ ಬೇಗ ದನಿ ಏರಿಸುತ್ತೇವೆ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಕಾಲೇಜಿಗೆ ರಜೆ ಹಾಕಿದ್ದೇನೆ. ನಿಮ್ಮಿಂದ ಒಂದು ಕೆಲಸ ಆಗಬೇಕಿದೆ. ಮೊದಲು ನಡೆದದ್ದನ್ನು ಕೇಳಿ.

ಈ ವರ್ಷ ಸುಸ್ಥಿರತೆಯ ಪಾಠ ನನ್ನ ತಲೆಗೆ ಬಿತ್ತು. ಎಂಜಿನಿಯರಿಂಗ್ ಎರಡನೇ ವರ್ಷದವರಿಗೆ, ಊಟವಾದ ಕೂಡಲೇ ಬರುವ ಪೀರಿಯಡ್. ಹುಡುಗರು ಅದಕ್ಕೆ ‘ಜೋಗುಳ’ ಎಂದು ಹೆಸರಿಟ್ಟಿದ್ದರು. ಭೂಮಿ, ನೀರು, ಮುಂದಿನ ಪೀಳಿಗೆ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದರೆ ಹಿಂದಿನ ಬೆಂಚುಗಳಲ್ಲಿ ತಲೆಗಳು ತೂಗುತ್ತಿದ್ದವು. ಒಂದು ದಿನ ಸಿಟ್ಟು ಬಂದು ಪುಸ್ತಕ ಮುಚ್ಚಿಬಿಟ್ಟೆ. ಕಣ್ಣೆದುರಿನ ಯಾವುದಾದರೂ ವಸ್ತು ಆರಿಸಿಕೊಳ್ಳಿ, ನಮಗೆ ಬೇಡವಾದ ಮೇಲೆ ಅದು ಎಲ್ಲಿ ಹೋಗುತ್ತದೆಂದು ಬೆನ್ನು ಹತ್ತಿ ನೋಡಿ ಬನ್ನಿ ಎಂದೆ.

ತರಗತಿಯಲ್ಲಿ ಒಬ್ಬಳಿದ್ದಾಳೆ. ಎಲ್ಲದಕ್ಕೂ ವಾದಕ್ಕೆ ನಿಲ್ಲುತ್ತಾಳೆಂದು ಅವಳನ್ನು ‘ವಕೀಲೆ’ ಎಂದೇ ಕರೆಯುತ್ತಾರೆ. ಅವಳೂ ಇಬ್ಬರು ಗೆಳತಿಯರೂ ಆರಿಸಿಕೊಂಡದ್ದು ಕಾಲೇಜಿನ ಸೋಲಾರ್ ದೀಪಗಳ ಬ್ಯಾಟರಿ. ಹೌದು, ನೀವೇ ನಿಂತು ಹಾಕಿಸಿದ್ದು. ಅವುಗಳ ಆಯಸ್ಸು ಮುಗಿಯಿತೆಂದು ಕಳೆದ ವರ್ಷ ಗುಜರಿಯವನಿಗೆ ಮಾರಿದ್ದರು. ಅಲ್ಲಿಂದ ಅವು ರೈಲು ಹಳಿಯಾಚೆಯ ಕೊನೆಯ ಬೀದಿಗೆ, ಒಂದು ತಗಡಿನ ಶೆಡ್ಡಿಗೆ ಹೋಗಿದ್ದವು.

ಹುಡುಗಿಯರ ಜೊತೆ ನಾನೂ ಹೋದೆ. ಸುತ್ತಿಗೆಯಿಂದ ಬ್ಯಾಟರಿ ಒಡೆದು ಆಸಿಡ್ಡನ್ನು ಚರಂಡಿಗೆ ಸುರಿಯುತ್ತಾರೆ. ಒಳಗಿನ ಸೀಸವನ್ನು ಬಯಲಲ್ಲೇ ಬಾಣಲೆಯಲ್ಲಿಟ್ಟು ಕರಗಿಸುತ್ತಾರೆ. ಅದರಿಂದ ಹಾರುವ ಬೂದಿ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಮೇಲೆ, ಕುಡಿಯುವ ನೀರಿನ ಡ್ರಮ್ಮಿನ ಮೇಲೆ ಕೂರುತ್ತದೆ. ಒಡೆದ ಪೆಟ್ಟಿಗೆಗಳ ರಾಶಿಯಲ್ಲಿ ನಮ್ಮ ಕಾಲೇಜಿನ ಹೆಸರು ಬರೆದವೂ ಇದ್ದವು.

ಆ ಪಕ್ಕದ ಮನೆಯಲ್ಲಿ ಒಬ್ಬ ಟೈಲರಮ್ಮ, ಅವಳ ಪುಟ್ಟ ಮಗಳು. ಮಗು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿತ್ತು. “ಮೊದ್ಲೆಲ್ಲಾ ಪಟಪಟ ಅಂತ ಮಾತಾಡ್ತಿದ್ಲು. ಈಗ ಅಮ್ಮ ಅಂತ ಕರೆಯೋದೂ ಅಪರೂಪ ಆಗಿದೆ,” ಎಂದಳು ತಾಯಿ. ಯಾರೋ ಕಣ್ಣು ಹಾಕಿದ್ದಾರೆಂದೇ ಅವಳು ನಂಬಿದ್ದಳು. ನಾವು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಗುವಿನ ರಕ್ತದಲ್ಲಿ ಸೀಸ ತುಂಬಿದೆ ಎಂದರು ಡಾಕ್ಟರು.

ಹುಡುಗಿಯರು ಬರೆದ ವರದಿ ಹಿಡಿದು ಪ್ರಿನ್ಸಿಪಾಲರ ಬಳಿ ಹೋದೆ. “ಮಾರಿದ್ಮೇಲೆ ಅದು ನಮ್ದಲ್ಲ ಮೇಡಂ. ಹುಡುಗ್ರ ಕೈಲಿ ನಾಲ್ಕು ಗಿಡ ನೆಡಿಸಿ, ಫೋಟೋ ತೆಗೆಸಿ, ಮಾರ್ಕ್ಸ್ ಹಾಕಿ. ಅಲ್ಲಿಗೆ ಮುಗೀತು,” ಎಂದರು. ಆಮೇಲೆ ಮೂವರು ಹುಡುಗಿಯರ ಮನೆಯವರನ್ನೂ ಕರೆಸಿ ಮಾತಾಡಿದರು. ಏನು ಮಾತಾಡಿದರೋ ಗೊತ್ತಿಲ್ಲ. ಮರುದಿನ ವಕೀಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. “ಮೇಡಂ, ರಿಪೋರ್ಟಿಂದ ನಮ್ಮ ಹೆಸರು ತೆಗೆದ್ಬಿಡಿ. ಅಪ್ಪ ಊಟ ಬಿಟ್ಟು ಕೂತಿದಾರೆ,” ಎಂದಳು. ಆಗಲಿ ಎಂದೆ. ಆದರೂ ಅವಳು ಹೋಗಲಿಲ್ಲ. “ಬೆನ್ನು ಹತ್ತಿ ನೋಡಿ ಅಂದ್ರಿ, ನೋಡಿದ್ವಿ. ನೋಡಿದ್ಮೇಲೆ ಏನ್ ಮಾಡ್ಬೇಕು ಅಂತ ಯಾಕೆ ಹೇಳ್ಕೊಡ್ಲಿಲ್ಲ?”

ವರದಿಯ ಮೊದಲ ಪುಟದಲ್ಲಿದ್ದ ಮೂರು ಹೆಸರುಗಳನ್ನು ಅವಳೆದುರೇ ಹೊಡೆದುಹಾಕಿ ನನ್ನದನ್ನು ಬರೆದೆ.

ವಾರ್ಷಿಕ ಪ್ರದರ್ಶನದ ದಿನ ಅತಿಥಿಗಳ ಮುಂದೆ ಆ ವರದಿಯನ್ನು ನನ್ನ ಹೆಸರಿನಲ್ಲೇ ಓದಿದೆ. ಅರ್ಧಕ್ಕೆ ಮೈಕ್ ಆರಿಸಿದರು. ಉಳಿದದ್ದನ್ನು ಬರಿಗಂಟಲಲ್ಲೇ ಹೇಳಿದೆ. ನನ್ನ ತರಗತಿಯವರೆಲ್ಲ ಇದ್ದರು; ಅಂದು ಒಬ್ಬರ ತಲೆಯೂ ತೂಗಲಿಲ್ಲ. ಆದರೆ ಯಾರೂ ನನ್ನ ಮುಖ ನೋಡಲಿಲ್ಲ.

ಅತಿಥಿಗಳಲ್ಲಿ ಮಾಲಿನ್ಯ ಇಲಾಖೆಯ ಅಧಿಕಾರಿಯೊಬ್ಬರಿದ್ದರು. ಈಗ ವಿಚಾರಣೆ ನಡೆಯುತ್ತಿದೆ. ಹಳೆಯ ಬ್ಯಾಟರಿಯಿಂದ ಇಂಥ ಅಪಾಯವಿದೆಯೆಂದು ನಮಗ್ಯಾರೂ ಹೇಳಿರಲಿಲ್ಲ ಎಂದು ಕಾಲೇಜಿನವರು ಕೈತೊಳೆದುಕೊಂಡಿದ್ದಾರೆ.

ಆದರೆ ನೀವು ಹೇಳಿದ್ದಿರಿ. ದೀಪ ಹಾಕಿಸುವ ಮೊದಲು, ಕಾಲೇಜಿನವರ ಮೀಟಿಂಗ್ ಮುಗಿಸಿ ಬಂದವರು ಶೂ ಕೂಡ ಬಿಚ್ಚದೆ ನನ್ನೆದುರು ಕೂಗಾಡಿದ್ದು ನೆನಪಿದೆಯೇ? “ಹಳೇದನ್ನ ಕಂಪನಿನೇ ವಾಪಸ್ ತಗೋಬೇಕು ಅಂತ ಷರತ್ತು ಹಾಕಿ, ಸೀಸ ಅಂದ್ರೆ ವಿಷ ಅಂದೆ. ಎಲ್ಲ ನಕ್ಕುಬಿಟ್ರು ಕಣೇ,” ಎಂದಿದ್ದಿರಿ. ಆ ಮಾತನ್ನು ಅಧಿಕಾರಿಯ ಮುಂದೆ ಬಂದು ಹೇಳಬೇಕು. ಆ ಮೀಟಿಂಗಿನಲ್ಲಿ ಕೂತಿದ್ದ ಉಳಿದವರೆಲ್ಲ ಕಾಲೇಜಿನ ಸಂಬಳದವರು.

ಕಾಲೇಜಿನ ಹೊಸ ಕಟ್ಟಡದ ಕೆಲಸ ನಿಮ್ಮ ಕಂಪನಿಗೇ ಸಿಕ್ಕಿದೆಯೆಂದು ಗೊತ್ತು. ಬಾಯಿಬಿಟ್ಟರೆ ನಿಮಗೇನಾಗಬಹುದು ಎಂಬುದೂ ಗೊತ್ತು. ಬರುವುದಿಲ್ಲ ಎಂದರೂ ನಾನು ಜಗಳ ತೆಗೆಯುವುದಿಲ್ಲ. ಜಗಳವಾಡುವ ತ್ರಾಣ ಉಳಿದಿಲ್ಲ. ಆದರೆ ಹೂಂ ಅಥವಾ ಉಹೂಂ, ಒಂದನ್ನು ಬೇಗ ತಿಳಿಸಿ.

ಇಂತಿ,
‘ನಿಮ್ಮವಳು’ ಎಂದು ಬರೆಯಲೋ ಬೇಡವೋ ತಿಳಿಯದವಳು

ಮರೆತ ಮಾತು: ರಜೆ ಎಂದು ಬರೆದದ್ದು ಸುಳ್ಳು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಮತ್ತೆ, ಬರುವುದಾದರೆ ಮೊದಲೇ ತಿಳಿಸಿ; ನಿಮ್ಮ ಕೋಣೆ ಖಾಲಿಯಿಲ್ಲ. ಆ ಮನೆಗೆ ಮಗುವನ್ನು ವಾಪಸ್ ಕಳಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಟೈಲರಮ್ಮ, ಮಗಳು ಇಬ್ಬರೂ ನಿಮ್ಮ ಕೋಣೆಯಲ್ಲೇ ಇದ್ದಾರೆ. ಮಗು ದಿನವಿಡೀ ನಿಮ್ಮ ಮೇಜಿನ ಕೆಳಗೆ ಕೂತಿರುತ್ತದೆ. ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ.